ನೆನಪಿನ ಸಾಲವನ್ನು ಯಾರು ತೀರಿಸಬೇಕು?

ಏಪ್ರಿಲ್ ತಿಂಗಳು ಬಂತೆಂದರೆ ಕನ್ನಡ ನಾಡಿನ ಊರೂರುಗಳಲ್ಲಿ ಒಂದು ಹೆಸರು ಮತ್ತೆ ಕೇಳಿಬರುತ್ತದೆ. ನಟ ಡಾ. ರಾಜ್‌ಕುಮಾರ್ ಹುಟ್ಟಿದ್ದು 1929ರ ಏಪ್ರಿಲ್ 24ರಂದು. ತೀರಿಕೊಂಡದ್ದು 2006ರ ಏಪ್ರಿಲ್ 12ರಂದು. ಹೀಗಾಗಿ ಒಂದೇ ತಿಂಗಳಲ್ಲಿ ಅಭಿಮಾನಿಗಳಿಗೆ ಅವರ ಹುಟ್ಟೂ ಸಾವೂ ನೆನಪಾಗುತ್ತವೆ. ಚಳ್ಳಕೆರೆಯಂತಹ ಊರಿನಲ್ಲೂ ಎಣ್ಣೆ ಗಿರಣಿಯ ಹಮಾಲಿ, ಕಂಬಳಿ ವ್ಯಾಪಾರಿ, ಆಟೋ ಚಾಲಕ ಎಲ್ಲರೂ ಅವರ ಒಂದೊಂದು ಚಿತ್ರವನ್ನು ನೆನೆಯುತ್ತಾರೆ. ಅವರಲ್ಲಿ ನಮ್ಮವರೂ ಇದ್ದಾರೆ. ಮನೆಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ಕನ್ನಡ ಮಾತನಾಡುವ ನಮ್ಮ ಹಿರಿಯರಲ್ಲಿ ಯಾರನ್ನಾದರೂ ಕೇಳಿ ನೋಡಿ. ಟೆಂಟ್ ಸಿನಿಮಾದ ಮರಳಿನ ಮೇಲೆ ಕುಳಿತು 'ಸಿ.ಐ.ಡಿ. 999' ನೋಡಿದ ಕಥೆ ಹೇಳುವವರು ಖಂಡಿತ ಸಿಗುತ್ತಾರೆ.

ಇಂದಿನ ಮಕ್ಕಳಿಗೆ ಈ 999 ಯಾರೆಂದು ತಿಳಿದಿರಲಾರದು. 1962ರಲ್ಲಿ ಜೇಮ್ಸ್ ಬಾಂಡ್‌ನ ಮೊದಲ ಚಲನಚಿತ್ರ ತೆರೆಗೆ ಬಂದ ಮೇಲೆ ಗೂಢಚಾರರ ಕಥೆಗಳಿಗೆ ಜಗತ್ತಿನಾದ್ಯಂತ ಬೇಡಿಕೆ ಹುಟ್ಟಿತು. ಬಾಂಡ್‌ನ ಸಂಖ್ಯೆ 007. ಕನ್ನಡದಲ್ಲಿ ದೊರೈ-ಭಗವಾನ್ ಎಂಬ ಜೋಡಿ ನಿರ್ದೇಶಕರು 999 ಎಂಬ ಸಂಖ್ಯೆಯ ಗೂಢಚಾರನನ್ನು ಸೃಷ್ಟಿಸಿ ಆ ಪಾತ್ರವನ್ನು ರಾಜ್‌ಕುಮಾರ್‌ಗೆ ಕೊಟ್ಟರು. 1968ರಲ್ಲಿ 'ಜೇಡರ ಬಲೆ', ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಬಹಳ ವರ್ಷಗಳ ನಂತರ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂದವು. ಪುರಾಣ ಪುರುಷರ ಮತ್ತು ರಾಜರ ಪಾತ್ರಗಳಲ್ಲಿ ನೋಡಿದ್ದ ಮುಖವನ್ನು ಜನರು ಸೂಟು ಬೂಟು ಪಿಸ್ತೂಲಿನೊಂದಿಗೆ ನೋಡಿ ಬೆರಗಾದರು. ಆ ಬೆರಗನ್ನು ಅಭಿಮಾನಿಗಳು ಇಂದಿಗೂ ಮರೆತಿಲ್ಲ.

ಸಿನಿಮಾ ನೋಡುವುದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಅದರ ಬಗ್ಗೆ ಪ್ರತಿ ಮನೆಯಲ್ಲೂ ಒಂದೊಂದು ನಿಲುವು ಇದೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ನಾವು ಎಂದೂ ಭೇಟಿಯಾಗದ, ಕೇವಲ ಪರದೆಯ ಮೇಲೆ ಕಂಡ ಮನುಷ್ಯನೊಬ್ಬ ತೀರಿಕೊಂಡಾಗ ನಮ್ಮ ಎದೆ ಭಾರವಾಗುತ್ತದೆ. ಈ ದುಃಖಕ್ಕೆ ಅರ್ಥವಿದೆಯೇ? ಇದ್ದರೆ, ಅದು ನಮ್ಮಿಂದ ಏನನ್ನು ಬಯಸುತ್ತದೆ?

ಪಾತ್ರ ಮತ್ತು ಮನುಷ್ಯ

ಗೂಢಚಾರನ ಪಾತ್ರವನ್ನೇ ತೆಗೆದುಕೊಳ್ಳಿ. ಅವನು ವೇಷ ಬದಲಿಸುತ್ತಾನೆ, ಸುಳ್ಳು ಹೆಸರು ಹೇಳುತ್ತಾನೆ, ಬೇರೆಯವರ ಬಾಗಿಲಿಗೆ ಕಿವಿಗೊಡುತ್ತಾನೆ. ನಿಜ ಜೀವನದಲ್ಲಿ ನೆರೆಮನೆಯವನು ಹೀಗೆ ಮಾಡಿದರೆ ನಾವು ಸಹಿಸುವುದಿಲ್ಲ. ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವು ಸಂಶಯ, ಪರರ ಗುಟ್ಟು ಹುಡುಕುವುದು ಮತ್ತು ಪರನಿಂದೆ ಈ ಮೂರನ್ನೂ ಒಂದೇ ಕಡೆ ನಿಷೇಧಿಸಿದೆ. ಒಂದು ಇನ್ನೊಂದಕ್ಕೆ ದಾರಿ ಮಾಡುತ್ತದೆ ಎಂಬುದನ್ನು ಬಲ್ಲವರೇ ಬಲ್ಲರು. ಹಾಗಿದ್ದರೂ ತೆರೆಯ ಮೇಲಿನ 999ಗೆ ಜನರು ಚಪ್ಪಾಳೆ ತಟ್ಟಿದರು. ಏಕೆಂದರೆ ಅಲ್ಲಿ ಅವನು ದೇಶದ ಕಡೆಗಿದ್ದಾನೆ, ದುಷ್ಟರನ್ನು ಹಿಡಿಯುತ್ತಾನೆ ಎಂದು ಕಥೆ ಮೊದಲೇ ತೀರ್ಮಾನಿಸಿತ್ತು. ಆ ಧೈರ್ಯ, ಆ ಜಾಣ್ಮೆ ಕಥೆ ಬರೆದವರ ಕೊಡುಗೆ. ಹೊಡೆದಾಟದಲ್ಲಿ ಅವನು ಗೆಲ್ಲುವುದು ನಿರ್ದೇಶಕರ ಇಚ್ಛೆ.

ನಮ್ಮ ತಾಲ್ಲೂಕಿನ ತಳುಕಿನ ಮನೆತನದ ಸಾಹಿತಿ ತ.ರಾ.ಸು. ಅವರ 'ಚಂದವಳ್ಳಿಯ ತೋಟ' ಕಾದಂಬರಿ 1964ರಲ್ಲಿ ಚಲನಚಿತ್ರವಾಯಿತು. ಅದರಲ್ಲೂ ರಾಜ್‌ಕುಮಾರ್ ಅಭಿನಯಿಸಿದ್ದರು. ಚಿತ್ರ ನೋಡಿದವರಿಗೆ ನಟನ ಮುಖ ನೆನಪಿದೆ. ಆ ಬದುಕನ್ನು ಕಲ್ಪಿಸಿ ಬರೆದ ಲೇಖಕರ ಹೆಸರು ಅವರಲ್ಲಿ ಎಷ್ಟು ಮಂದಿಗೆ ನೆನಪಿದೆ? ಪರದೆ ಒಂದು ಮುಖವನ್ನು ಮಾತ್ರ ತೋರಿಸುತ್ತದೆ. ಅದರ ಹಿಂದೆ ದುಡಿದ ನೂರು ಕೈಗಳನ್ನು ಮರೆಮಾಡುತ್ತದೆ. ನಿಜ ಬದುಕಿನಲ್ಲೂ ಹೀಗೆಯೇ ಅಲ್ಲವೇ? ಚಳ್ಳಕೆರೆ ತಾಲ್ಲೂಕಿನ ಅಮೃತ್ ಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ ಈಗ ವೈಮಾನಿಕ ಪರೀಕ್ಷಾ ಕೇಂದ್ರವಿದೆ. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನವನ್ನು ಆಕಾಶದಿಂದ ಬಿಟ್ಟು, ಅದು ತಾನಾಗಿಯೇ ನೆಲಕ್ಕಿಳಿಯುವಂತೆ ಮಾಡಿದ್ದು ಅಲ್ಲಿಯೇ. ಅದಕ್ಕಾಗಿ ದುಡಿದವರಲ್ಲಿ ಒಬ್ಬರ ಹೆಸರನ್ನಾದರೂ ನಾವು ಹೇಳಬಲ್ಲೆವೇ? ನಿಜವಾದ ಗೂಢಚಾರನಿಗಂತೂ ಹೆಸರೇ ಇಲ್ಲ. ಅವನು ಸತ್ತರೆ ಅಭಿಮಾನಿಗಳು ಸೇರುವುದಿಲ್ಲ. ಅವನಂತೆ ನಟಿಸಿದವನಿಗೆ ಮೆರವಣಿಗೆ ಸಿಗುತ್ತದೆ, ಅವನಿಗೆ ಸಿಗುವುದಿಲ್ಲ.

ಇದರಿಂದ ನಟನ ಗೌರವ ಕಡಿಮೆಯಾಗುವುದಿಲ್ಲ. ಪಾತ್ರದ ಗುಣವನ್ನು ಮನುಷ್ಯನ ಲೆಕ್ಕಕ್ಕೆ ಬರೆಯಬಾರದು ಎಂಬುದಷ್ಟೇ ಇದರ ಅರ್ಥ. ಮನುಷ್ಯನನ್ನು ನೆನೆಯಬೇಕಾದರೆ ಅವನು ನಟಿಸದೇ ಇದ್ದಾಗ ಏನು ಮಾಡಿದನೆಂದು ನೋಡಬೇಕು.

2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಕಾಡುಗಳ್ಳ ವೀರಪ್ಪನ್ ರಾಜ್‌ಕುಮಾರ್‌ರನ್ನು ಅಪಹರಿಸಿದ. ಅಂದು ಅಲ್ಲಿ ಕ್ಯಾಮೆರಾ ಇರಲಿಲ್ಲ, ಪಿಸ್ತೂಲು ಹಿಡಿದ 999 ಕೂಡ ಇರಲಿಲ್ಲ. ಎಪ್ಪತ್ತು ದಾಟಿದ ವೃದ್ಧರೊಬ್ಬರು ಕಾಡಿನಲ್ಲಿ 108 ದಿನ ಕಳೆದು ನವೆಂಬರ್ 15ರಂದು ಬಿಡುಗಡೆಯಾದರು. ತೆರೆಯ ಮೇಲೆ ಅದೆಷ್ಟೋ ಖಳರನ್ನು ಕ್ಷಣದಲ್ಲಿ ಸೋಲಿಸಿದವರಿಗೆ ನಿಜ ಬದುಕಿನಲ್ಲಿ ಉಳಿದದ್ದು ಎಲ್ಲ ಮನುಷ್ಯರಿಗೂ ಉಳಿಯುವ ತಾಳ್ಮೆ ಮಾತ್ರ. ಮನುಷ್ಯ ದುರ್ಬಲ ಎಂಬ ಸತ್ಯಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕೇ?

ಕಣ್ಣೀರಿಗೆ ಅಡ್ಡಿಯಿಲ್ಲ

ನಮ್ಮಲ್ಲಿ ಕೆಲವರು ಇಂತಹ ದುಃಖವನ್ನು ಕಂಡು ನಗುತ್ತಾರೆ. ಯಾರೋ ನಟ ಸತ್ತರೆ ನಿನಗೇನು ಎಂದು ಮಕ್ಕಳನ್ನು ಗದರಿಸುತ್ತಾರೆ. ಇದು ಸರಿಯಲ್ಲ. ಮನುಷ್ಯನಿಗೆ ಮನುಷ್ಯನ ಮೇಲೆ ಪ್ರೀತಿ ಹುಟ್ಟುವುದು ಅಲ್ಲಾಹನು ಅವನ ಎದೆಯಲ್ಲಿಟ್ಟ ಗುಣ. ಬಡತನದ ದಿನಗಳಲ್ಲಿ ಒಂದು ಸಂಜೆಯ ಮಟ್ಟಿಗೆ ನಗಿಸಿದ, ಅಳಿಸಿದ ಮನುಷ್ಯನಿಗೆ ಋಣಿಯಾಗಿರುವುದು ಕೃತಜ್ಞತೆಯ ಲಕ್ಷಣವೇ ಹೊರತು ದೋಷವಲ್ಲ.

ಆದರೆ ದುಃಖಕ್ಕೆ ಒಂದು ಎಲ್ಲೆಯಿದೆ. ಹಿಜರಿ 10ರಲ್ಲಿ ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಅವರ ಕಣ್ಣುಗಳಲ್ಲಿ ನೀರು ಹರಿಯಿತು. ಅದನ್ನು ಅವರು ಮರೆಮಾಚಲಿಲ್ಲ. ಅದೇ ದಿನ ಸೂರ್ಯಗ್ರಹಣ ಸಂಭವಿಸಿತು. ಪ್ರವಾದಿಯವರ ಮಗ ಸತ್ತದ್ದಕ್ಕೇ ಸೂರ್ಯ ಕಪ್ಪಾದನೆಂದು ಜನರು ಮಾತನಾಡಿಕೊಂಡರು. ಬೇರೆ ಯಾವ ನಾಯಕನಾದರೂ ಈ ಮಾತು ಕೇಳಿ ಸುಮ್ಮನಿರಬಹುದಿತ್ತು. ಆದರೆ ಪ್ರವಾದಿವರ್ಯರು(ಸ) ಜನರ ಮುಂದೆ ನಿಂತು, ಸೂರ್ಯ ಚಂದ್ರರು ಅಲ್ಲಾಹನ ಕುರುಹುಗಳು, ಯಾರೊಬ್ಬರ ಹುಟ್ಟಿಗಾಗಲಿ ಸಾವಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ತಿಳಿಸಿದರು. ತಮ್ಮ ಮಗನ ಸಾವಿನ ದಿನವೇ ಅವರು ಹೀಗೆ ಹೇಳಿದರೆಂಬುದನ್ನು ಗಮನಿಸಿ. ಅಳಬಹುದು. ಆದರೆ ನಮ್ಮ ದುಃಖಕ್ಕಾಗಿ ಜಗತ್ತು ಕತ್ತಲಾಗಬೇಕೆಂದು ಬಯಸಬಾರದು.

ಅಭಿಮಾನದ ಭಾಷೆ ಈ ಎಲ್ಲೆಯನ್ನು ಬೇಗ ದಾಟುತ್ತದೆ. ರಾಜ್‌ಕುಮಾರ್ ತಮ್ಮ ಅಭಿಮಾನಿಗಳನ್ನು ದೇವರೆಂದು ಕರೆಯುತ್ತಿದ್ದರು. ಅದು ಅವರ ವಿನಯದ ಮಾತಾಗಿತ್ತು. ಅಭಿಮಾನಿಗಳು ಅದೇ ಮಾತನ್ನು ಅವರಿಗೆ ಹಿಂದಿರುಗಿಸಿದರು. ಎರಡೂ ಕಡೆ ದೇವರಾದರೆ ನಡುವೆ ಮನುಷ್ಯ ಎಲ್ಲಿ ಉಳಿದ? ಪ್ರವಾದಿವರ್ಯರು(ಸ) ನಿಧನರಾದ ದಿನ ಹ. ಉಮರ್(ರ)ರಂತಹ ಧೀರರೇ ಅದನ್ನು ನಂಬಲಾರದೆ ತತ್ತರಿಸಿದ್ದರು. ಆಗ ಹ. ಅಬೂಬಕರ್(ರ) ಮುಂದೆ ಬಂದು, ಮುಹಮ್ಮದರು(ಸ) ಮರಣ ಹೊಂದಿದ್ದಾರೆ, ಎಂದೂ ಸಾಯದವನು ಅಲ್ಲಾಹನೊಬ್ಬನೇ ಎಂದು ನೆನಪಿಸಿದರು. ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವರೇ ಆ ಮಾತನ್ನು ಹೇಳಿದರು. ಪ್ರೀತಿ ಕಡಿಮೆಯಿದ್ದುದರಿಂದ ಅಲ್ಲ, ಪ್ರೀತಿಗೆ ವಿವೇಕವಿದ್ದುದರಿಂದ.

ಬೆಲೆ ತೆತ್ತವರು ಯಾರು?

2006ರ ಏಪ್ರಿಲ್ 12ರಂದು ಮತ್ತು ಮರುದಿನ ಬೆಂಗಳೂರಿನಲ್ಲಿ ನಡೆದದ್ದು ಹಲವರಿಗೆ ನೆನಪಿರಬಹುದು. ಸುದ್ದಿ ಹರಡಿದೊಡನೆ ಅಂಗಡಿಗಳು ಮುಚ್ಚಿದವು. ವಾಹನಗಳಿಗೆ ಬೆಂಕಿ ಬಿತ್ತು, ಕಿಟಕಿಯ ಗಾಜುಗಳು ಪುಡಿಯಾದವು. ಕಂಠೀರವ ಸ್ಟುಡಿಯೋದಲ್ಲಿ ಅಂತ್ಯಕ್ರಿಯೆ ನಡೆದ ದಿನ ನೂಕುನುಗ್ಗಲು, ಕಲ್ಲುತೂರಾಟ, ಪೊಲೀಸರ ಗುಂಡು ಎಲ್ಲವೂ ಆದವು. ಹಲವರು ಪ್ರಾಣ ಕಳೆದುಕೊಂಡರು. ಅವರಲ್ಲಿ ಗುಂಪಿನ ಹಲ್ಲೆಗೆ ಬಲಿಯಾದ ಒಬ್ಬ ಪೊಲೀಸನೂ ಇದ್ದ.

ಓದುಗರೇ, ಆ ಪೊಲೀಸನ ಬಗ್ಗೆ ಸ್ವಲ್ಪ ಯೋಚಿಸಿ. ಅಂದು ಬೆಳಿಗ್ಗೆ ಅವನು ಕರ್ತವ್ಯಕ್ಕೆ ಹೊರಟವನು. ಬಹುಶಃ ಅವನೂ ಅದೇ ನಟನ ಚಿತ್ರಗಳನ್ನು ನೋಡಿ ಬೆಳೆದವನಿರಬಹುದು. ಅವನ ಮನೆಯವರಿಗೆ ಏಪ್ರಿಲ್ ತಿಂಗಳೆಂದರೆ ಯಾವ ನೆನಪು? ಸತ್ತ ನಟ ಬದುಕಿದ್ದರೆ ಆ ಕಲ್ಲುಗಳನ್ನು ಮೆಚ್ಚುತ್ತಿದ್ದರೇ? ಖಂಡಿತ ಇಲ್ಲ. ಹಾಗಿದ್ದ ಮೇಲೆ ಆ ಕಲ್ಲು ಯಾರ ಹೆಸರಿನಲ್ಲಿ ಬಿತ್ತು?

ಚಳ್ಳಕೆರೆ ವ್ಯಾಪಾರದ ಊರು. ಶೇಂಗಾ, ಎಣ್ಣೆ, ಕಂಬಳಿ, ಎಲ್ಲವೂ ಸಾಲದ ಲೆಕ್ಕದಲ್ಲಿ ನಡೆಯುತ್ತವೆ. ಆದ್ದರಿಂದ ಈ ಮಾತು ನಮಗೆ ಬೇಗ ಅರ್ಥವಾದೀತು. ಸತ್ತವರ ನೆನಪು ಒಂದು ಸಾಲ. ಅವರಿಂದ ನಾವು ಏನನ್ನೋ ಪಡೆದಿದ್ದೇವೆ, ಅದನ್ನು ತೀರಿಸಬೇಕೆಂದು ಮನಸ್ಸು ಒತ್ತಾಯಿಸುತ್ತದೆ. ಸಾಲಗಾರ ತನ್ನ ಕಿಸೆಯಿಂದ ಸಾಲ ತೀರಿಸಬೇಕು. ದಾರಿಹೋಕನ ಕಿಸೆಯಿಂದ ಕಿತ್ತು ಕೊಟ್ಟರೆ ಅದು ದರೋಡೆ. ಬಲವಂತದಿಂದ ಮುಚ್ಚಿಸಿದ ಅಂಗಡಿ, ಸುಟ್ಟ ಬಸ್ಸು, ಆಸ್ಪತ್ರೆಗೆ ತಲುಪಲಾರದ ರೋಗಿ, ಮನೆಗೆ ಮರಳದ ಪೊಲೀಸ್, ಇವರೆಲ್ಲ ನಮ್ಮ ಅಭಿಮಾನದ ಸಾಲವನ್ನು ತೀರಿಸಬೇಕಾದವರಲ್ಲ.

ಈ ಮಾತು ಸಿನಿಮಾ ಅಭಿಮಾನಿಗಳಿಗೆ ಮಾತ್ರ ಅನ್ವಯವೆಂದು ನಾವು ಹಾಯಾಗಿರುವಂತಿಲ್ಲ. ಪಕ್ಷದ ನಾಯಕ ತೀರಿಕೊಂಡಾಗ, ಧಾರ್ಮಿಕ ಮುಖಂಡರು ತೀರಿಕೊಂಡಾಗ, ನಮ್ಮದೇ ಬೀದಿಯಲ್ಲಿ ಹಿರಿಯರು ತೀರಿಕೊಂಡಾಗ ಏನು ನಡೆಯುತ್ತದೆ? ರಸ್ತೆ ತಡೆದು ನಿಲ್ಲುತ್ತೇವೆ. ಧ್ವನಿವರ್ಧಕ ಹಚ್ಚಿ ನೆರೆಯವರ ನಿದ್ದೆ ಕೆಡಿಸುತ್ತೇವೆ. ದುಃಖದ ಮನೆಯವರು ಸಾಲ ಮಾಡಿ ಊಟ ಹಾಕುವಂತೆ ಮಾಡುತ್ತೇವೆ. ಸಾವಿನ ಮನೆಗೆ ಊಟ ಕಳಿಸಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದರು. ನಾವೋ ಆ ಮನೆಗೇ ಊಟಕ್ಕೆ ಹೋಗುತ್ತೇವೆ!

ಪ್ರವಾದಿವರ್ಯರ(ಸ) ಕಾಲದ ಒಂದು ಘಟನೆಯನ್ನು ಇಲ್ಲಿ ನೆನೆಯಬೇಕು. ಒಬ್ಬರ ಪಾರ್ಥಿವ ಶರೀರವನ್ನು ಜನಾಝಾ ನಮಾಝ್‌ಗಾಗಿ ತರಲಾಯಿತು. ಇವರ ಮೇಲೆ ಸಾಲವಿದೆಯೇ ಎಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಇದೆ ಎಂದು ಉತ್ತರ ಬಂತು. ಹಾಗಾದರೆ ನೀವೇ ನಮಾಝ್ ನಿರ್ವಹಿಸಿರಿ ಎಂದು ಹಿಂದೆ ಸರಿದರು. ಆಗ ಹ. ಅಬೂ ಕತಾದ(ರ) ಎಂಬ ಅನುಚರರು ಆ ಸಾಲ ತನ್ನ ಮೇಲಿರಲಿ ಎಂದು ಮುಂದೆ ಬಂದರು. ಅನಂತರವೇ ಪ್ರವಾದಿವರ್ಯರು(ಸ) ನಮಾಝ್ ನಿರ್ವಹಿಸಿದರು. ಸತ್ತವರನ್ನು ಪ್ರೀತಿಸುವುದೆಂದರೆ ಇದು. ಅವರು ಗಟ್ಟಿಯಾಗಿ ಅಳಲಿಲ್ಲ, ಹೊಗಳಲಿಲ್ಲ, ಹೊರೆಯನ್ನು ತಮ್ಮ ಹೆಗಲಿಗೆ ತೆಗೆದುಕೊಂಡರು.

ನಟನೆಯ ಕಣ್ಣು, ನಿಜದ ಕಣ್ಣು

ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ 1954ರ 'ಬೇಡರ ಕಣ್ಣಪ್ಪ'. ಅದರಲ್ಲಿ ಅವರದು ತನ್ನ ಕಣ್ಣನ್ನೇ ಕಿತ್ತು ಕೊಡುವ ಭಕ್ತನ ಪಾತ್ರ. ಆ ನಟನೆಯಿಂದ ಹೆಸರು ಬಂತು, ಆದರೆ ಯಾವ ಕುರುಡನಿಗೂ ದೃಷ್ಟಿ ಬರಲಿಲ್ಲ. ನಲವತ್ತು ವರ್ಷಗಳ ನಂತರ 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನ ನೇತ್ರ ಬ್ಯಾಂಕ್ ಆರಂಭವಾಯಿತು. 2006ರಲ್ಲಿ ಅವರು ತೀರಿಕೊಂಡ ದಿನ ಅವರ ಕಣ್ಣುಗಳನ್ನು ಪಡೆಯಲಾಯಿತು. ಅವು ಇಬ್ಬರಿಗೆ ಬೆಳಕಾದವು. ಹೊರಗೆ ಗಾಜು ಒಡೆಯುತ್ತಿದ್ದ ಅದೇ ಹೊತ್ತಿನಲ್ಲಿ ಒಳಗೆ ಸದ್ದಿಲ್ಲದೆ ಈ ಕೆಲಸ ನಡೆದಿತ್ತು. ಎರಡರಲ್ಲಿ ಯಾವುದು ನಿಜವಾದ ಸ್ಮರಣೆ ಎಂದು ಹೇಳಬೇಕಾಗಿಲ್ಲ.

2021ರ ಅಕ್ಟೋಬರ್ 29ರಂದು ಅವರ ಕಿರಿಯ ಮಗ ಪುನೀತ್ ರಾಜ್‌ಕುಮಾರ್ ಹಠಾತ್ತಾಗಿ ತೀರಿಕೊಂಡಾಗ ವೈದ್ಯರು ಅವರ ಕಣ್ಣುಗಳ ಪಾರದರ್ಶಕ ಪಟಲವನ್ನು ಪದರವಾಗಿ ಬೇರ್ಪಡಿಸಿ ನಾಲ್ವರಿಗೆ ಜೋಡಿಸಿದರು. ಆ ಸಲವೂ ಕೆಲವು ಅಭಿಮಾನಿಗಳು ಆಘಾತದಿಂದ ಸತ್ತ, ಕೆಲವರು ಜೀವವನ್ನೇ ತೆಗೆದುಕೊಂಡ ದುಃಖದ ವರದಿಗಳು ಬಂದವು. ಆದರೆ ನಗರ ಹೊತ್ತಿ ಉರಿಯಲಿಲ್ಲ. ಬದಲಿಗೆ ರಾಜ್ಯದ ಹಳ್ಳಿ ಪಟ್ಟಣಗಳಲ್ಲಿ ಸಾವಿರಾರು ಜನರು ನೇತ್ರದಾನಕ್ಕೆ ಹೆಸರು ಬರೆಸಿದರು. ಹದಿನೈದು ವರ್ಷಗಳಲ್ಲಿ ಅಭಿಮಾನವು ಕಲ್ಲನ್ನು ಬಿಟ್ಟು ಲೇಖನಿಯನ್ನು ಹಿಡಿದದ್ದು ಸಣ್ಣ ಬದಲಾವಣೆಯಲ್ಲ.

ಹೊರದೇಶದಲ್ಲೂ ಇಂತಹ ಉದಾಹರಣೆಯಿದೆ. ಏಳು ಚಿತ್ರಗಳಲ್ಲಿ ಜೇಮ್ಸ್ ಬಾಂಡ್ ಆಗಿದ್ದ ರೋಜರ್ ಮೂರ್ 2017ರ ಮೇ 23ರಂದು ತೀರಿಕೊಂಡರು. ಅವರು 1991ರಿಂದ ಯುನಿಸೆಫ್ ಸಂಸ್ಥೆಯ ರಾಯಭಾರಿಯಾಗಿ, ಅಯೋಡಿನ್ ಕೊರತೆಯಿಂದ ಮಕ್ಕಳ ಬುದ್ಧಿ ಕುಂಠಿತವಾಗದಂತೆ ಉಪ್ಪಿನಲ್ಲಿ ಅಯೋಡಿನ್ ಸೇರಿಸುವ ಪ್ರಚಾರಕ್ಕೆ ದುಡಿದವರು. ತೆರೆಯ ಮೇಲೆ ಅವರು ಜಗತ್ತನ್ನು ಹಲವು ಬಾರಿ ಉಳಿಸಿದರು, ಅದು ಕಥೆ. ಒಂದು ಚಿಟಿಕೆ ಉಪ್ಪಿನಿಂದ ಮಕ್ಕಳನ್ನು ಕಾಪಾಡಲು ನಡೆದ ಕೆಲಸದಲ್ಲಿ ಅವರಿಗೂ ಒಂದು ಪಾಲಿತ್ತು, ಇದು ನಿಜ.

ನೇತ್ರದಾನದ ವಿಷಯ ಬಂದಾಗ ನಮ್ಮ ಮನೆಗಳಲ್ಲಿ ಪ್ರಶ್ನೆ ಏಳುವುದು ಸಹಜ. ಮೃತ ಶರೀರದ ಗೌರವ ಇಸ್ಲಾಮಿನಲ್ಲಿ ಬಹಳ ದೊಡ್ಡದು. 1988ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ, ಮೃತನ ಅಥವಾ ವಾರಸುದಾರರ ಒಪ್ಪಿಗೆಯಂತಹ ಷರತ್ತುಗಳೊಂದಿಗೆ, ಮಾರಾಟಕ್ಕೆ ಆಸ್ಪದ ಕೊಡದೆ, ಅಂಗದಾನವನ್ನು ಅನುಮತಿಸಿತು. ನಮ್ಮ ದೇಶದ ಹಲವು ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಆದ್ದರಿಂದ ನೀವು ನಂಬುವ ವಿದ್ವಾಂಸರನ್ನು ಕೇಳಿ ತೀರ್ಮಾನಿಸಿ. ತಿಳಿಯಬೇಕಾದ ಕೆಲವು ಸಂಗತಿಗಳಿಷ್ಟೆ: ಸಾವಿನ ನಂತರ ಸುಮಾರು ಆರು ಗಂಟೆಗಳೊಳಗೆ ಕಣ್ಣು ಪಡೆಯಬೇಕು, ಅದಕ್ಕೆ ಅರ್ಧ ಗಂಟೆಯೂ ಬೇಡ, ಮುಖ ವಿಕಾರವಾಗುವುದಿಲ್ಲ, ದಫನ ತಡವಾಗುವುದಿಲ್ಲ. ಈ ದಾರಿ ಬೇಡವೆನ್ನುವವರಿಗೆ ರಕ್ತದಾನವಿದೆ. ಕುರುಡ ಮಗುವಿನ ಶಾಲೆಯ ಖರ್ಚಿದೆ. ಬಡ ವೃದ್ಧರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಜೊತೆಯಾಗಿ ಹೋಗುವ ಒಂದು ದಿನವಿದೆ. ಸಾಲ ತೀರಿಸುವ ಮನಸ್ಸಿದ್ದವನಿಗೆ ದಾರಿಗಳ ಕೊರತೆಯಿಲ್ಲ.

ಕಲ್ಲು ನೆನಪಿಟ್ಟದ್ದು ಏನನ್ನು?

ಹೆಸರು ಉಳಿಯಬೇಕು ಎಂಬ ಹಂಬಲ ಎಲ್ಲರಿಗೂ ಇದೆ. ನಾವು ಪ್ರೀತಿಸುವವರ ಹೆಸರು ಅಳಿಯಬಾರದೆಂದು ಪ್ರತಿಮೆ ನಿಲ್ಲಿಸುತ್ತೇವೆ, ವೃತ್ತಕ್ಕೆ ಹೆಸರಿಡುತ್ತೇವೆ. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಹತ್ತಿರ ಬ್ರಹ್ಮಗಿರಿಗೆ ಹೋದವರು ಅಲ್ಲಿನ ಬಂಡೆಯನ್ನು ನೋಡಿರಬಹುದು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಸಾಮ್ರಾಟ ಅಶೋಕ ಅಲ್ಲಿ ಶಾಸನ ಬರೆಸಿದ್ದ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳಿಗೆ ದಯೆ ತೋರಬೇಕು, ಸತ್ಯ ನುಡಿಯಬೇಕು, ಗುರುವನ್ನು ಗೌರವಿಸಬೇಕು ಎಂಬ ಬುದ್ಧಿಮಾತು ಅದರಲ್ಲಿದೆ. ಅಶೋಕ ಎಂಬ ಹೆಸರು ಮಾತ್ರ ಅದರಲ್ಲಿಲ್ಲ! ಬಿರುದು ಮಾತ್ರ ಇದೆ. ಆ ಬಿರುದು ಅಶೋಕನದೇ ಎಂದು ಕಲ್ಲಿನಿಂದಲೇ ಖಚಿತವಾದದ್ದು 1915ರಲ್ಲಿ, ರಾಯಚೂರು ಸೀಮೆಯ ಮಸ್ಕಿಯ ಶಾಸನ ಸಿಕ್ಕಾಗ. ಅಷ್ಟೊಂದು ದೊಡ್ಡ ಅರಸನ ಹೆಸರನ್ನು ಜನ ಶತಮಾನಗಳ ಕಾಲ ಮರೆತಿದ್ದರು. ಮರೆತರೂ ತಂದೆತಾಯಿಗೆ ವಿಧೇಯರಾಗಿರುವುದು ಒಳ್ಳೆಯದೆಂಬ ಮಾತು ಸುಳ್ಳಾಗಲಿಲ್ಲ. ಹೆಸರಿಗೆ ಕಾಲದ ಹಂಗಿದೆ. ಒಳಿತಿಗೆ ಆ ಹಂಗಿಲ್ಲ.

ಮನುಷ್ಯ ಸತ್ತ ಮೇಲೆ ಅವನ ಕರ್ಮಗಳು ನಿಂತುಹೋಗುತ್ತವೆ. ಹರಿಯುತ್ತಲೇ ಇರುವ ದಾನ, ಜನರಿಗೆ ಉಪಯೋಗವಾಗುವ ಜ್ಞಾನ, ಅವನಿಗಾಗಿ ಪ್ರಾರ್ಥಿಸುವ ಸಜ್ಜನ ಸಂತಾನ, ಇವು ಮೂರು ಮಾತ್ರ ಮುಂದುವರಿಯುತ್ತವೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಈ ಪಟ್ಟಿಯಲ್ಲಿ ಕೀರ್ತಿ ಇಲ್ಲ, ಜನಸಾಗರ ಇಲ್ಲ ಎಂಬುದನ್ನು ಗಮನಿಸಿ.

ತಂದೆತಾಯಿಯರೇ, ನಿಮ್ಮ ಮಗ ಯಾವನೋ ನಟನ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡಿದ್ದರೆ ಅದನ್ನು ಕಿತ್ತುಕೊಳ್ಳಲು ಅವಸರಪಡಬೇಡಿ. ಅವನ ಫೋನನ್ನು ಗುಟ್ಟಾಗಿ ತೆರೆದು ನೋಡಬೇಡಿ, ಅದೂ ಗೂಢಚರ್ಯೆಯೇ. ಜೊತೆಯಲ್ಲಿ ಕುಳಿತು ಕೇಳಿ: ಇವನ ಪಾತ್ರವನ್ನು ಬಿಟ್ಟರೆ ಇವನಲ್ಲಿ ನೀನು ಮೆಚ್ಚಿದ ಒಂದು ಕೆಲಸ ಯಾವುದು? ಅದನ್ನು ನೀನೂ ಮಾಡಬಲ್ಲೆಯಾ? ಅವನಿಗೆ ಉತ್ತರ ಸಿಕ್ಕರೆ ಒಂದು ಒಳ್ಳೆಯ ಕೆಲಸ ಆರಂಭವಾದಂತೆ. ಸಿಗದಿದ್ದರೆ ಆ ಅಭಿಮಾನ ತಾನಾಗಿಯೇ ಹಗುರವಾಗುತ್ತದೆ.

ಯುವಕರೇ, ನಿಮ್ಮ ಮನೆಯಲ್ಲೂ ತೀರಿಕೊಂಡವರಿದ್ದಾರೆ. ಅವರ ಹೆಸರಿನಲ್ಲಿ ಯಾವ ವೃತ್ತವೂ ಇಲ್ಲ. ಗಿರಣಿಯಲ್ಲಿ ಮೂಟೆ ಹೊತ್ತ ಅಜ್ಜ, ಮೊಳಕಾಲ್ಮೂರಿನಲ್ಲಿ ಮಗ್ಗದ ಮುಂದೆ ಕುಳಿತು ಕಣ್ಣು ಸವೆಸಿದ ಅಜ್ಜಿ ನಿಮ್ಮನ್ನು ಇಲ್ಲಿಯವರೆಗೆ ತಂದವರು. ಅವರು ಅಂಗಡಿಯಲ್ಲಿ ಬಿಟ್ಟುಹೋದ ಬಾಕಿ ಇದೆಯೇ? ಅವರು ಮಾತು ಬಿಟ್ಟ ಸಂಬಂಧಿಕರಿದ್ದಾರೆಯೇ? ಅವರು ಕೊಡುತ್ತೇನೆಂದು ಹೇಳಿ ಕೊಡಲಾಗದೆ ಹೋದ ದಾನವಿದೆಯೇ? ಪರದೆಯ ಮೇಲಿನವರನ್ನು ನೆನೆಯುವ ಮೊದಲು ಈ ಲೆಕ್ಕವನ್ನು ತೆಗೆದು ನೋಡಿ. ತೀರಿಸಬೇಕಾದದ್ದು ಇದ್ದರೆ ಹ. ಅಬೂ ಕತಾದರಂತೆ(ರ) ಮುಂದೆ ಬಂದು, ಅದು ನನ್ನ ಮೇಲಿರಲಿ ಎಂದು ಹೇಳಿ.